ಬೆನ್ನು ಮಗುಚುವ ಬೆಂಚುಗಳು

ಚಿಮ್ ಶಾ ಚುಯಿ ಕಟ್ಟೆಯ ಗೇಟು ತೆರೆದದ್ದೇ ತಡ, ಜನ ಇಳಿಜಾರಿನಲ್ಲಿ ದಡದಡನೆ ಇಳಿಯುತ್ತಾರೆ. ಹಸಿರು ಬಿಳಿ ಬಣ್ಣದ ಸ್ಟಾರ್ ಫೆರಿ ಕಟ್ಟೆಗೆ ಮೈ ತಾಗಿಸಿಕೊಂಡು ನಿಂತಿದೆ. ನೀಲಿ ಅಂಗಿಯ ಹಿರಿಯ ನಾವಿಕರೊಬ್ಬರು ಕೊಕ್ಕೆಕೋಲು ಹಿಡಿದು ಹಗ್ಗದ ಪಕ್ಕದಲ್ಲಿದ್ದಾರೆ. ನನ್ನ ಮುಂದಿದ್ದ ಅಜ್ಜಿಯ ಒಂದು ಕೈಯಲ್ಲಿ ಸೊಪ್ಪಿನ ಚೀಲ. ಇನ್ನೊಂದು ಕೈಯಿಂದ ಬೆಂಚಿನ ಒರಗನ್ನು ಹಿಡಿದು ಒಂದೇ ಏಟಿಗೆ ಆಚೆಗೆ ಮಗುಚುತ್ತಾಳೆ. ಖಟ್! ಬೆಂಚು ಇದ್ದಲ್ಲೇ ಇದೆ, ಮುಖ ಮಾತ್ರ ಬದಲಾಗಿದೆ. ಅತ್ತಿತ್ತ ನೋಡುತ್ತೇನೆ, ಎಲ್ಲರೂ ಅದನ್ನೇ ಮಾಡುತ್ತಿದ್ದಾರೆ. ಖಟ್, ಖಟ್, ಖಟ್. ಕ್ಷಣಾರ್ಧದಲ್ಲಿ ಕೌಲೂನಿನ ಕಡೆಗೆ ನೋಡುತ್ತಿದ್ದ ದೋಣಿಯೆಲ್ಲ ಹಾಂಗ್‌ಕಾಂಗ್ ದ್ವೀಪದ ಕಡೆಗೆ ನೋಡತೊಡಗುತ್ತದೆ.

ಈ ದೋಣಿಗೆ ಹಿಂದು ಮುಂದು ಎಂಬುದಿಲ್ಲ. ಎರಡು ತುದಿಗೂ ಚಾಲಕನ ಕೋಣೆಗಳಿವೆ. ಹೋಗುವಾಗ ಮೂತಿಯಾಗಿದ್ದದ್ದು ಬರುವಾಗ ಬಾಲವಾಗುತ್ತದೆ. ತುಂಬಿ ತುಳುಕುವ ಬಂದರಿನಲ್ಲಿ ಪ್ರತಿ ಸಲವೂ ದೋಣಿಯನ್ನು ತಿರುಗಿಸುತ್ತ ಕೂತರೆ ಹೊತ್ತೂ ಹೋಗುತ್ತದೆ, ಡೀಸೆಲ್ಲೂ ಹೋಗುತ್ತದೆ. ಹಾಗಾಗಿ ದೋಣಿ ತಿರುಗುವುದಿಲ್ಲ, ತಿರುಗುವ ಕೆಲಸ ಬೆಂಚಿನ ಪಾಲಿಗೆ ಬಂದಿದೆ. ಒರಗಿನ ಎರಡೂ ಬದಿಗೆ ಕಬ್ಬಿಣದ ತೋಳು, ಆ ತೋಳು ಬೆಂಚಿನ ಕಾಲಿನಲ್ಲಿರುವ ಒಂದು ಕೀಲಿನ ಮೇಲೆ ತೂಗುತ್ತದೆ, ಅಷ್ಟೇ. ಸ್ಪ್ರಿಂಗ್ ಇಲ್ಲ, ಬೀಗ ಇಲ್ಲ, ಗುಂಡಿ ಒತ್ತುವ ಗೋಜಿಲ್ಲ. ಕೂತವನ ಭಾರವೇ ಒರಗನ್ನು ಅದರ ಜಾಗದಲ್ಲಿ ಹಿಡಿದಿಡುತ್ತದೆ. ಇದಕ್ಕಿಂತ ಸರಳವಾದ ಯಂತ್ರವನ್ನು ನಾನು ಬಾಗಿಲ ಚಿಲಕದ ಹೊರತು ಬೇರೆಲ್ಲೂ ಕಂಡಿಲ್ಲ.

ಕೂತ ಮೇಲೆ ಬೆಂಚನ್ನೇ ನೋಡುತ್ತೇನೆ. ಎದುರಿಗೆ ವಿಕ್ಟೋರಿಯಾ ಬಂದರಿನ ಗಗನಚುಂಬಿಗಳ ಸಾಲಿದೆ, ಪಕ್ಕದಲ್ಲಿ ಕೂತವರೆಲ್ಲ ಫೋನು ಎತ್ತಿ ಅದನ್ನು ಸೆರೆಹಿಡಿಯುತ್ತಿದ್ದಾರೆ. ನನ್ನ ಕಣ್ಣು ಮಾತ್ರ ತೊಡೆಯ ಪಕ್ಕದ ಹಲಗೆಯ ಮೇಲೆ. ವಾರ್ನಿಷ್ ಹಚ್ಚಿದ ಮರ, ಲಕ್ಷಾಂತರ ಜನರ ಬಟ್ಟೆ ಉಜ್ಜಿ ಉಜ್ಜಿ ನುಣುಪಾಗಿದೆ. ಹಲಗೆಯಲ್ಲಿ ಸಣ್ಣ ಸಣ್ಣ ತೂತುಗಳು, ಆ ತೂತುಗಳೆಲ್ಲ ಸೇರಿ ಒಂದು ನಕ್ಷತ್ರ! ಕಂಪನಿಯ ಹೆಸರು ಸ್ಟಾರ್, ದೋಣಿಗಳ ಹೆಸರಿನಲ್ಲೆಲ್ಲ ಸ್ಟಾರ್, ಕೂರುವ ಹಲಗೆಯಲ್ಲೂ ಸ್ಟಾರ್. ಅಲಂಕಾರವೆಂದುಕೊಂಡೆ. ಆದರೆ ಬದಿ ತೆರೆದ ದೋಣಿ ಇದು. ಮಳೆಯ ಎರಚಲು ಒಳಗೆ ಬಂದಾಗ ನೀರು ನಿಲ್ಲದೆ ಇಳಿದುಹೋಗಲೂ, ಆಗಸ್ಟ್ ತಿಂಗಳ ಬೆವರಿನಲ್ಲಿ ಕೆಳಗಿನಿಂದ ಒಂದಿಷ್ಟು ಗಾಳಿ ಆಡಲೂ ಆ ತೂತುಗಳು ಬೇಕೇ ಬೇಕು. ಗಾಳಿ ಆಡುತ್ತಿದೆ ಎಂದು ನನ್ನ ಪಂಚೇಂದ್ರಿಯಗಳೂ ಸಾಕ್ಷಿ ಹೇಳುತ್ತಿವೆ.

ನಮ್ಮಲ್ಲಿ ದೋಣಿಯಲ್ಲಿ ಕೂರುವ ಕಲ್ಪನೆಯೇ ಬೇರೆ. ಶರಾವತಿ ಹಿನ್ನೀರಿನ ಸಿಗಂದೂರು ಲಾಂಚಿನಲ್ಲಿ ನಡುವೆ ಬಸ್ಸು, ಜೀಪುಗಳು. ಮನುಷ್ಯರು ಬದಿಯಲ್ಲಿ ಕಂಬಿ ಹಿಡಿದು ನಿಲ್ಲಬೇಕಿತ್ತು. ಜಾಗ ಸಿಕ್ಕರೆ ಕೂರಬಹುದಿತ್ತು, ಸಿಗದಿದ್ದರೆ ದೇವಿಯ ಇಚ್ಛೆ. 2025ರ ಜುಲೈಯಲ್ಲಿ ಅಲ್ಲಿ ಸೇತುವೆಯೇ ತೆರೆದ ಮೇಲೆ ಆ ಚರ್ಚೆಯೂ ಮುಗಿಯಿತು. ಅದಕ್ಕಿಂತ ಹಿಂದೆ, ಕರಾವಳಿಯಿಂದ ಬೊಂಬಾಯಿಗೆ ಹೋಗುತ್ತಿದ್ದ ಆವಿಹಡಗುಗಳಲ್ಲಿ ಡೆಕ್ಕಿನ ಟಿಕೆಟಿನವರು ತಮ್ಮ ಚಾಪೆಯನ್ನು ತಾವೇ ಹಾಸಿಕೊಳ್ಳುತ್ತಿದ್ದರು. ಕೂರುವ ಜಾಗವೊಂದನ್ನು ದೋಣಿಯವರೇ ಕೊಡಬೇಕು, ಅದೂ ಗಾಳಿ ಆಡುವ ಹಾಗೆ ಕೊಡಬೇಕು ಎಂಬ ನಾಗರಿಕತೆಯನ್ನು ನಾನು ಈ ಹಲಗೆಯ ಮೇಲೆ ಕೂತು ಮೊದಲ ಸಲ ಅನುಭವಿಸುತ್ತಿದ್ದೇನೆ.

ಈ ಕಂಪನಿಯ ಮೂಲಪುರುಷ ನಮ್ಮ ಕಡೆಯಿಂದ ಹೋದವನೇ. ದೊರಾಬ್ಜಿ ನೌರೋಜಿ ಮಿಠಾಯಿವಾಲಾ ಎಂಬ ಪಾರ್ಸಿ 1888ರಲ್ಲಿ ಕೌಲೂನ್ ಫೆರಿ ಕಂಪನಿ ಕಟ್ಟಿದ. 1898ರಲ್ಲಿ ಅದು ಪಾಲ್ ಚೇಟರ್ ಎಂಬ, ಕಲ್ಕತ್ತೆಯಲ್ಲಿ ಹುಟ್ಟಿದ ಅರ್ಮೇನಿಯನ್ ವ್ಯಾಪಾರಿಯ ಕೈಗೆ ಹೋಗಿ ಸ್ಟಾರ್ ಫೆರಿಯಾಯಿತು. ಇನ್ನೂ ಹಿಂದೆ ಹೋದರೆ ಮರದ ನಂಟೇ ಸಿಗುತ್ತದೆ. ಹಾಂಗ್‌ಕಾಂಗನ್ನು ಬ್ರಿಟಿಷರಿಗೆ ಬಿಟ್ಟುಕೊಟ್ಟ 1842ರ ನಾನ್‌ಕಿಂಗ್ ಒಪ್ಪಂದಕ್ಕೆ ಸಹಿ ಬಿದ್ದದ್ದು ಕಾರ್ನ್‌ವಾಲಿಸ್ ಎಂಬ ಯುದ್ಧನೌಕೆಯ ಮೇಲೆ. ಆ ನೌಕೆ 1813ರಲ್ಲಿ ನೀರಿಗಿಳಿದದ್ದು ಬೊಂಬಾಯಿಯಲ್ಲಿ, ವಾಡಿಯಾ ಮನೆತನದವರ ಕೈಯಲ್ಲಿ, ಪೂರಾ ತೇಗದಲ್ಲಿ. ಆ ಹಡಗುಕಟ್ಟೆಗೆ ತೇಗ ಹೋಗುತ್ತಿದ್ದದ್ದು ಮಲಬಾರ್ ಮತ್ತು ಕೆನರಾ ಕರಾವಳಿಯ ಕಾಡುಗಳಿಂದ. ಓಕ್ ಮರದ ಒಗರು ಅದರೊಳಗೆ ಹೊಡೆದ ಕಬ್ಬಿಣದ ಮೊಳೆಯನ್ನೇ ತಿಂದುಹಾಕುತ್ತದೆ. ತೇಗದಲ್ಲಿ ಎಣ್ಣೆಯ ಅಂಶವಿದೆ, ಮೊಳೆಯನ್ನು ಕಾಯುತ್ತದೆ. ನೀರು ಕುಡಿದು ಉಬ್ಬುವುದೂ ಬಿಸಿಲಿಗೆ ಸೊಟ್ಟಗಾಗುವುದೂ ಕಡಿಮೆ. ಹಡಗಿನ ಮೈಯಿಂದ ಮರ ಕಣ್ಮರೆಯಾಗಿ ಉಕ್ಕು ಬಂದ ಮೇಲೂ ಡೆಕ್ಕಿಗೆ, ಡೆಕ್ಕಿನ ಬೆಂಚಿಗೆ ತೇಗವೇ ಬೇಕೆಂದು ಹಡಗಿನವರು ಹಠ ಹಿಡಿದದ್ದು ಇದಕ್ಕೇ.

ವಾಪಸು ಬರುವಾಗ ಬೇಕೆಂದೇ ಕೆಳಗಿನ ಡೆಕ್ಕಿನ ಟಿಕೆಟು ತೆಗೆದುಕೊಳ್ಳುತ್ತೇನೆ. ಮೇಲಿನದಕ್ಕೆ ಐದು ಹಾಂಗ್‌ಕಾಂಗ್ ಡಾಲರಾದರೆ ಕೆಳಗಿನದಕ್ಕೆ ನಾಲ್ಕು. ಒಂದು ಡಾಲರಿನ ಉಳಿತಾಯಕ್ಕೆ ಪ್ರತಿಯಾಗಿ ಎಂಜಿನ್ನಿನ ಗುಡುಗು, ಡೀಸೆಲ್ಲಿನ ವಾಸನೆ, ನೀರು ಕೈಗೆಟುಕುವಷ್ಟು ಹತ್ತಿರ. ಇದೇ ಎರಡು ಡೆಕ್ಕುಗಳ ನಡುವಿನ ವ್ಯತ್ಯಾಸ ಒಮ್ಮೆ ಊರನ್ನೇ ಹೊತ್ತಿಸಿತ್ತು. 1966ರಲ್ಲಿ ಮೇಲಿನ ಡೆಕ್ಕಿನ ದರಕ್ಕೆ ಬರೀ ಐದು ಸೆಂಟ್ ಏರಿಸಲು ಒಪ್ಪಿಗೆ ಸಿಕ್ಕಾಗ, ಸೋ ಸೌ ಚುಂಗ್ ಎಂಬ ಯುವಕ ಏಪ್ರಿಲ್ ತಿಂಗಳಲ್ಲಿ ಕಟ್ಟೆಯ ಹತ್ತಿರ ಉಪವಾಸ ಕೂತ. ಅವನನ್ನು ಹಿಡಿದೊಯ್ದ ಮೇಲೆ ಕೌಲೂನಿನ ಬೀದಿಗಳಲ್ಲಿ ಗಲಭೆ, ಕಲ್ಲು, ಕರ್ಫ್ಯೂ. ತಮಾಷೆಯೆಂದರೆ ದರ ಏರಿದ್ದು ಮೇಲೆ ಕೂರುವವರಿಗೆ. ರೊಚ್ಚಿಗೆದ್ದವರು ಬಹುಪಾಲು ಕೆಳಗೆ ಕೂರುವವರು. ಮೇಲಿನದು ಇಂದು ಏರಿದರೆ ಕೆಳಗಿನದು ನಾಳೆ ಏರುತ್ತದೆಂದು ಅವರಿಗೆ ಗೊತ್ತಿತ್ತು.

ನನ್ನ ಅಕ್ಕನ ಮಗ ಈ ಊರಿನಲ್ಲಿ ಹಡಗುಗಳ ತಪಾಸಣೆ ಮಾಡುವ ಕೆಲಸದಲ್ಲಿದ್ದಾನೆ. ಅವನ ಮನೆಯಲ್ಲೇ ನನ್ನ ಠಿಕಾಣಿ. ಬೆಂಚಿನ ಸಂಗತಿ ಹೇಳಿದ್ದಕ್ಕೆ ನಕ್ಕ. "ಮಾವ, ನೀವು ಸೀಟಿನ ಮೇಲ್ಭಾಗ ನೋಡ್ತಾ ಇದೀರಿ. ನಾವು ನೋಡೋದು ಎರಡೇ. ಒಂದು, ಇದು ಹೊತ್ತಿಕೊಂಡ್ರೆ ಏನಾಗತ್ತೆ? ಇನ್ನೊಂದು, ಇದರ ಕಾಲು ನೆಲಕ್ಕೆ ಹೇಗೆ ಕಚ್ಚಿಕೊಂಡಿದೆ? ಮೆತ್ತಗಿದೆಯಾ ಇಲ್ವಾ ಅನ್ನೋದು ಕೊನೇಗೆ." ಅಂದಿನಿಂದ ನನ್ನ ಪ್ರವಾಸದ ದಿಕ್ಕು ಬದಲಾಯಿತು. ಉಳಿದವರು ಬುದ್ಧನ ವಿಗ್ರಹ, ಕೇಬಲ್ ಕಾರ್ ನೋಡಲು ಹೋದರೆ ನಾನು ಬಗ್ಗಿ ಬಗ್ಗಿ ಸೀಟಿನ ಕಾಲು ನೋಡುವವನಾದೆ.

ಮೊದಲ ಪ್ರಶ್ನೆಗೆ ಉತ್ತರ ಹುಡುಕಲು ದೂರ ಹೋಗಬೇಕಾಗಿರಲಿಲ್ಲ. ಸೆಂಟ್ರಲ್‌ನಲ್ಲಿ ಸ್ಟಾರ್ ಫೆರಿ ನಿಲ್ಲುವುದು 7ನೇ ಪಿಯರ್‌ನಲ್ಲಿ. ಪಕ್ಕದ 8ನೇ ಪಿಯರ್‌ನಲ್ಲಿ ಸಾಗರ ವಸ್ತುಸಂಗ್ರಹಾಲಯ. ಹಡಗುಗಳ ಮಾದರಿಗಳನ್ನು ನೋಡುತ್ತ ಕಿಟಕಿಯ ಬಳಿ ನಿಂತಾಗ ಅಳಿಯ ಪಶ್ಚಿಮದ ಕಡೆಗೆ ಕೈ ತೋರಿಸುತ್ತಾನೆ. ಒಂದು ಕಾಲಕ್ಕೆ ಲೋಕದ ಅತಿ ದೊಡ್ಡ ಪ್ರಯಾಣಿಕ ಹಡಗಾಗಿದ್ದ ಕ್ವೀನ್ ಎಲಿಜಬೆತ್ ಸತ್ತದ್ದು ಆ ಕಡೆಯ ನೀರಿನಲ್ಲಿ. ಹಾಂಗ್‌ಕಾಂಗಿನ ಹಡಗು ಧಣಿ ಸಿ. ವೈ. ತುಂಗ್ ಅದನ್ನು ಕೊಂಡು ತೇಲುವ ವಿಶ್ವವಿದ್ಯಾಲಯ ಮಾಡಲು ಹೊರಟಿದ್ದ. 1972ರ ಜನವರಿ 9ರಂದು, ರಿಪೇರಿ ಮುಗಿಯುವ ಹೊತ್ತಿಗೆ, ಹಲವು ಕಡೆ ಒಟ್ಟಿಗೆ ಬೆಂಕಿ ಕಾಣಿಸಿಕೊಂಡಿತು. ಒಳಗೆಲ್ಲ ಮರದ ಹೊದಿಕೆ. ಆರಿಸಲು ಸುರಿದ ನೀರಿನ ಭಾರವೂ ಸೇರಿ ಹಡಗು ಮಗ್ಗುಲಿಗೆ ಮಲಗಿಬಿಟ್ಟಿತು. ಎರಡು ವರ್ಷಗಳ ನಂತರ ಬಂದ ಜೇಮ್ಸ್ ಬಾಂಡ್ ಸಿನಿಮಾ ಒಂದರಲ್ಲಿ ಆ ಅಸ್ಥಿಪಂಜರಕ್ಕೂ ಒಂದು ಪಾತ್ರ ಸಿಕ್ಕಿತು.

ಮರವೆಂದರೆ ಸಾಕು, ಉರಿದು ಬೀಳುತ್ತಿದ್ದ ಹಡಗು ಎಂಜಿನಿಯರನೊಬ್ಬ ಅಮೆರಿಕದಲ್ಲಿದ್ದ, ವಿಲಿಯಂ ಫ್ರಾನ್ಸಿಸ್ ಗಿಬ್ಸ್. ಅವನು ರೂಪಿಸಿದ, 1952ರಲ್ಲಿ ಓಡಾಟ ಶುರುಮಾಡಿದ ಯುನೈಟೆಡ್ ಸ್ಟೇಟ್ಸ್ ಎಂಬ ಹಡಗಿನಲ್ಲಿ ಕುರ್ಚಿ, ಮೇಜು, ಕಪಾಟು, ಡೆಕ್ಕಿನ ಆರಾಮಕುರ್ಚಿ, ಎಲ್ಲವೂ ಅಲ್ಯುಮಿನಿಯಂ. ಪರದೆ, ಹೊದಿಕೆಗಳು ಗಾಜಿನ ನಾರಿನವು. ಮರ ಉಳಿದದ್ದು ಅಡುಗೆಮನೆಯಲ್ಲಿ ಮಾಂಸ ಕಡಿಯುವ ಕೊರಡು ಮತ್ತು ಪಿಯಾನೊ, ಇಷ್ಟರಲ್ಲಿ ಎಂದು ಪ್ರತೀತಿ. ಅದಕ್ಕಿಂತ ಹಿಂದಿನ ಆವಿಹಡಗುಗಳ ಕಾಲದಲ್ಲಿ, ಇಂಡಿಯಾದ ದಾರಿಯಲ್ಲಿ ಓಡಾಡುವ ದೊರೆಗಳು ತಮ್ಮ ಹೆಸರು ಬರೆದ ಬೆತ್ತದ ಆರಾಮಕುರ್ಚಿಯನ್ನು ತಾವೇ ಹಡಗಿಗೆ ಹೊರಿಸಿಕೊಂಡು ಹೋಗುತ್ತಿದ್ದರು. ಬೆತ್ತ ಹಗುರ, ತುಕ್ಕು ಹಿಡಿಯದು, ಬೆನ್ನಿಗೆ ಗಾಳಿ ಬಿಡುತ್ತದೆ. ಬೆಂಕಿಯ ಮಾತು ಆಗ ಯಾರೂ ಎತ್ತುತ್ತಿರಲಿಲ್ಲ ಅಷ್ಟೆ. ನನ್ನನ್ನು ಕೇಳಿದರೆ ಗಿಬ್ಸನ ಅಲ್ಯುಮಿನಿಯಂ ಕುರ್ಚಿಯಲ್ಲಿ ಅಟ್ಲಾಂಟಿಕ್ ದಾಟುವುದಕ್ಕಿಂತ ಬೆತ್ತದ ಮೇಲೆ ಅರಬ್ಬಿ ಸಮುದ್ರ ದಾಟುವುದೇ ಸುಖ. ಆದರೆ ಹಡಗಿಗೆ ಬೆಂಕಿ ಬಿದ್ದ ರಾತ್ರಿ ನನ್ನನ್ನು ಕೇಳಬಾರದು.

ಮರ ಹೋಗಿ ಸ್ಪಂಜು, ಪ್ಲಾಸ್ಟಿಕ್ಕು ಬಂದದ್ದರಿಂದ ಬೆಂಕಿಯ ಭಯ ಹೋಗಲಿಲ್ಲ, ಹೊಗೆಯ ಭಯ ಬಂತು. 1990ರ ಏಪ್ರಿಲ್ 7ರಂದು ಓಸ್ಲೋದಿಂದ ಡೆನ್ಮಾರ್ಕಿಗೆ ಹೊರಟಿದ್ದ ಸ್ಕ್ಯಾಂಡಿನೇವಿಯನ್ ಸ್ಟಾರ್ ಹಡಗಿನಲ್ಲಿ 159 ಮಂದಿ ಸತ್ತರು. ಓಣಿಗಳ ಗೋಡೆಗೆ ಅಂಟಿಸಿದ್ದ ತೆಳು ಹೊದಿಕೆ ಉರಿದು ಎಬ್ಬಿಸಿದ ಹೊಗೆಯಲ್ಲಿ ಸಯನೈಡಿನ ವಿಷವಿತ್ತು. ಕುರ್ಚಿಯ ಮೆತ್ತೆಗೆ ಹಾಕುವ ಪಾಲಿಯುರಿಥೇನ್ ಸ್ಪಂಜೂ ಸುಟ್ಟರೆ ಅದೇ ವಿಷ ಉಗುಳುತ್ತದೆ. ಹಾಗಾಗಿ ಈಗ ಹಡಗಿನ ಮೆತ್ತೆಯ ಕುರ್ಚಿಗೆ ಒಂದು ಅಗ್ನಿಪರೀಕ್ಷೆ ಇದೆ. ಅಳಿಯ ಅದನ್ನು ವರ್ಣಿಸಿದಾಗ ನಗು ತಡೆಯಲಾಗಲಿಲ್ಲ. ಮೆತ್ತೆಯ ತುಂಡುಗಳಿಂದ ಒಂದು ಪುಟ್ಟ ಕುರ್ಚಿ ಮಾಡಿ, ಆಸನವೂ ಒರಗೂ ಸೇರುವ ಸಂದಿಯಲ್ಲಿ ಉರಿಯುವ ಸಿಗರೇಟು ಇಟ್ಟು, ದೊಡ್ಡ ದೊಡ್ಡ ಓದು ಓದಿದವರು ಒಂದು ಗಂಟೆ ಅದನ್ನೇ ನೋಡುತ್ತ ಕೂರುತ್ತಾರಂತೆ. ಆಮೇಲೆ ಸಣ್ಣ ಗ್ಯಾಸ್ ಜ್ವಾಲೆಯನ್ನು 20 ಸೆಕೆಂಡು ತಾಗಿಸಿ ಮತ್ತೆ ಕಾಯುವುದು. ನಮ್ಮ ಹಳ್ಳಿಯ ಬಸ್ಸುಗಳಲ್ಲಿ ಹರಿದ ರೆಕ್ಸಿನ್ನಿನಿಂದ ಇಣುಕುವ ಸ್ಪಂಜಿಗೆ ಈ ಪರೀಕ್ಷೆಯನ್ನು ಪ್ರಯಾಣಿಕರೇ ಬೀಡಿಯಿಂದ ಮಾಡಿ ಮುಗಿಸಿರುತ್ತಿದ್ದರು.

ಮರುದಿನ ಚೂಂಗ್ ಚೌ ದ್ವೀಪಕ್ಕೆ. ಬೇಗ ಹೋಗುವ ದೋಣಿಯೂ ಇದೆ, ಸಾವಕಾಶದ ದೋಣಿಯೂ ಇದೆ. ಸಾವಕಾಶದ್ದು ಸುಮಾರು ಒಂದು ಗಂಟೆ ತೆಗೆದುಕೊಳ್ಳುತ್ತದೆ, ನಾವು ಅದನ್ನೇ ಹತ್ತುತ್ತೇವೆ. ಇಲ್ಲಿ ಮರದ ವೈಭವವಿಲ್ಲ. ಸಾಲು ಸಾಲು ಗಟ್ಟಿ ಪ್ಲಾಸ್ಟಿಕ್ ಕುರ್ಚಿಗಳು, ಒಂದೇ ಅಚ್ಚಿನಲ್ಲಿ ತೆಗೆದವು. ಕೂತರೆ ಸೊಂಟಕ್ಕೆ ಒಂದು ತಗ್ಗು, ಆ ತಗ್ಗಿನ ನಟ್ಟನಡುವೆ ಬೆರಳು ತೂರದಷ್ಟು ಸಣ್ಣ ತೂತು. ಇಲ್ಲೂ ತೂತೇ! ನೀರು ನಿಲ್ಲಬಾರದು ಎಂಬ ಸೂತ್ರ ನಕ್ಷತ್ರದಿಂದ ಬಿಂದುವಿಗೆ ಇಳಿದಿದೆ. ಅಳಿಯ ಗೆಣ್ಣಿನಿಂದ ಕುರ್ಚಿಯನ್ನು ತಟ್ಟಿ ತೋರಿಸುತ್ತಾನೆ. ಗಾಜಿನ ನಾರಿನದಾದರೆ ಸದ್ದು ಗಟ್ಟಿ, ಬರೀ ಪ್ಲಾಸ್ಟಿಕ್ಕಾದರೆ ಮಂಕು. ಗಾಜಿನ ನಾರಿನ ಕುರ್ಚಿ ಮಾಡುವ ಬಗೆಯೂ ಚೆಂದ. ಅಚ್ಚಿನ ಒಳಮೈಗೆ ಮೊದಲು ಬಣ್ಣದ ರಾಳದ ಪದರ, ಅದರ ಮೇಲೆ ಗಾಜಿನ ನಾರಿನ ಬಟ್ಟೆ, ಅದಕ್ಕೆ ಪಾಲಿಯೆಸ್ಟರ್ ರಾಳ ಸವರಿ, ಗಾಳಿಯ ಗುಳ್ಳೆ ಉಳಿಯದಂತೆ ರೋಲರ್ ಉರುಳಿಸಿ, ಗಟ್ಟಿಯಾಗಲು ಬಿಡುವುದು. ಅಚ್ಚಿನಿಂದ ಬಿಡಿಸಿದಾಗ ಬಣ್ಣದ ಪದರ ಹೊರಗೆ ಬಂದು ಮಿರಮಿರ ಮಿಂಚುತ್ತದೆ. ಉಪ್ಪುನೀರು ಅದನ್ನು ಏನೂ ಮಾಡದು, ಪೈಪು ಹಿಡಿದು ತೊಳೆದರಾಯಿತು. ಬಿಸಿಲು ಮಾತ್ರ ಬಿಡುವುದಿಲ್ಲ. ವರ್ಷಗಳು ಕಳೆದ ಹಾಗೆ ಮೇಲ್ಮೈ ಮಂಕಾಗಿ ಪುಡಿ ಏಳುತ್ತದೆ, ನನ್ನ ಕಪ್ಪು ಪ್ಯಾಂಟಿನ ಹಿಂಭಾಗ ಅದಕ್ಕೆ ದಾಖಲೆ.

ಹಿಂದಿನ ತೆರೆದ ಡೆಕ್ಕಿನಲ್ಲಿ ಗಾಳಿಗೆ ಮುಖವೊಡ್ಡಿ ಕೂತರೆ ಸರಕಿನ ಹಡಗುಗಳು, ಮೀನಿನ ದೋಣಿಗಳು, ಗುಡ್ಡದ ಬೆನ್ನಿಗೆ ಗುಡ್ಡ. ಪಕ್ಕದಲ್ಲಿ ಒಂದು ಸಂಸಾರ ಬೇಯಿಸಿದ ಮೀನಿನುಂಡೆಗಳನ್ನು ಕಡ್ಡಿಗೆ ಚುಚ್ಚಿ ತಿನ್ನುತ್ತಿದೆ. ಅದರ ಸಾರು ದೋಣಿಯ ಒಂದು ಓಲಾಟಕ್ಕೆ ಚೆಲ್ಲಿ ಕುರ್ಚಿಯ ತಗ್ಗಿಗೆ ಸೇರಿ ನಡುವಿನ ತೂತಿನಿಂದ ಕೆಳಗಿಳಿಯುತ್ತದೆ. ಆ ಸಂಸಾರದ ಮಗು ಕುರ್ಚಿಯ ಕೆಳಗೆ ಬಗ್ಗಿ ನೋಡುತ್ತದೆ. ನಾನೂ ಬಗ್ಗುತ್ತೇನೆ. ತೊಟ್ಟಿಕ್ಕುವ ಸಾರಿನಾಚೆ ಉಕ್ಕಿನ ಕಾಲು, ಕಾಲಿಗೆ ಅಗಲವಾದ ಪಾದ, ಪಾದಕ್ಕೆ ನಾಲ್ಕು ಬೋಲ್ಟು. ಸುತ್ತಲೂ ಬಣ್ಣದ ಮೇಲೆ ಬಣ್ಣ ಬಳಿದು ಬೋಲ್ಟಿನ ತಲೆ ಗುಂಡಗಾಗಿಬಿಟ್ಟಿದೆ. ಅಳಿಯ ತೃಪ್ತಿಯಿಂದ ತಲೆಯಾಡಿಸುತ್ತಾನೆ.

ಚೂಂಗ್ ಚೌ ಬಂದರಿನಲ್ಲಿ ಇನ್ನೂ ಚಿಕ್ಕ ಲೋಕ. ಟೈರುಗಳ ಹಾರ ಹಾಕಿಕೊಂಡ ಸಂಪಾನ್ ದೋಣಿಗಳು ಜನರನ್ನು ಈ ಮೂಲೆಯಿಂದ ಆ ಮೂಲೆಗೆ ದಾಟಿಸುತ್ತವೆ. ಸೀಟು ಎಂದರೆ ಬದಿಯುದ್ದಕ್ಕೂ ಹಾಕಿದ ಹಲಗೆ. ದೋಣಿ ನಡೆಸುವ ಅಮ್ಮ ನಮಗೆ ಎದುರುಬದುರಾಗಿ ಕೂರಲು ಕೈಸನ್ನೆ ಮಾಡುತ್ತಾಳೆ. ನಾನೂ ಅಳಿಯನೂ ಒಂದೇ ಬದಿಗೆ ಕೂತರೆ ದೋಣಿ ಆ ಕಡೆಗೆ ವಾಲುತ್ತದೆ. ಊಟದಲ್ಲಿ ನಾವಿಬ್ಬರೂ ಹಿಂದೆ ಬಿದ್ದವರಲ್ಲ. ದೊಡ್ಡ ಹಡಗಿನಲ್ಲಿ ಎಂಜಿನಿಯರುಗಳು ಲೆಕ್ಕ ಹಾಕಿ ಸೀಟು ಹಂಚುವುದನ್ನು ಇಲ್ಲಿ ಆಕೆ ಕಣ್ಣಳತೆಯಲ್ಲಿ ಮಾಡುತ್ತಾಳೆ. ದಡದಲ್ಲಿ ಒಬ್ಬ ಹಿರಿಯರು ದೋಣಿಯೊಂದರ ಹಲಗೆ ಬದಲಾಯಿಸುತ್ತಿದ್ದರು. ಹಳೆಯ ಹಲಗೆಯನ್ನು ನೋಡಬಹುದೇ ಎಂದು ಅಳಿಯನಿಂದ ಕೇಳಿಸಿದೆ. ಕೊಟ್ಟರು. ಕೂರುವ ಮೇಲ್ಮೈ ಇನ್ನೂ ಗಟ್ಟಿ. ಕೊಳೆತದ್ದು ಅಡಿಯಲ್ಲಿ, ಮೊಳೆ ಹೊಕ್ಕ ಜಾಗದಲ್ಲಿ. "ಮೇಲೆ ಜನ ಒರೆಸ್ತಾರೆ, ಕೆಳಗೆ ಯಾರು ಒರೆಸ್ತಾರೆ?" ಎಂದರಂತೆ. ಅಳಿಯ ಅನುವಾದಿಸಿ, "ನಮ್ಮ ಆಫೀಸಿನಲ್ಲಿ ಇದನ್ನೇ ಹತ್ತು ಪುಟ ಬರೀತೀವಿ ಮಾವ" ಎಂದ.

ಲಾಮಾ ದ್ವೀಪದ ದೋಣಿಯಲ್ಲಿ ಅವನ ಮಾತು ಕಡಿಮೆಯಾಯಿತು. ಯುಂಗ್ ಶೂ ವಾನ್ ಹತ್ತಿರವಾದಂತೆ ವಿದ್ಯುತ್ ಸ್ಥಾವರದ ಮೂರು ಎತ್ತರದ ಚಿಮಣಿಗಳು ಕಾಣುತ್ತವೆ. 2012ರ ಅಕ್ಟೋಬರ್ 1ರ ರಾತ್ರಿ, ರಾಷ್ಟ್ರೀಯ ದಿನದ ಬಾಣಬಿರುಸು ನೋಡಲೆಂದು ವಿದ್ಯುತ್ ಕಂಪನಿಯ ನೌಕರರೂ ಅವರ ಮನೆಯವರೂ ಲಾಮಾ 4 ಎಂಬ ದೋಣಿಯಲ್ಲಿ ಹೊರಟಿದ್ದರು. ಸೀ ಸ್ಮೂತ್ ಎಂಬ ಫೆರಿ ಬಂದು ಬಡಿಯಿತು. 39 ಮಂದಿ ಸತ್ತರು, ಅವರಲ್ಲಿ 8 ಮಕ್ಕಳು. ವಿಚಾರಣಾ ಆಯೋಗ 2013ರಲ್ಲಿ ವರದಿ ಕೊಟ್ಟಿತು. ದೋಣಿಯ ಹಿಂಭಾಗದಲ್ಲಿ ಇರಬೇಕಾಗಿದ್ದ ನೀರು ತಡೆಯುವ ಬಾಗಿಲು ಇರಲೇ ಇಲ್ಲ. ಹಿಂಭಾಗ ಮುಳುಗಿ ಮೂತಿ ಮೇಲೆದ್ದಿತು. ಆಗ ಮೇಲಿನ ಡೆಕ್ಕಿನ ಸೀಟುಗಳು ಕಿತ್ತುಬಂದು, ಕೂತವರೊಂದಿಗೆ ಜಾರಿ, ಜನರ ಮೇಲೆ ರಾಶಿಬಿದ್ದವು. ಮಕ್ಕಳ ಅಳತೆಯ ಲೈಫ್ ಜಾಕೆಟ್ಟುಗಳೂ ಇರಲಿಲ್ಲ.

ಸೀಟುಗಳು ಕಿತ್ತದ್ದು ಯಾಕೆ ಎಂಬುದನ್ನು ಅಳಿಯ ಬೆರಳಿನಿಂದ ಗಾಳಿಯಲ್ಲಿ ಚಿತ್ರ ಬರೆದು ವಿವರಿಸುತ್ತಾನೆ. ಗಾಜಿನ ನಾರಿನ ದೋಣಿಗಳಲ್ಲಿ ಡೆಕ್ಕೂ ಅದೇ ವಸ್ತುವಿನದು. ತೂಕ ಉಳಿಸಲು ಮೇಲೊಂದು ಕೆಳಗೊಂದು ತೆಳು ಪದರ ಮಾಡಿ ನಡುವೆ ಹಗುರವಾದ ತಿರುಳು ತುಂಬುವುದು ರೂಢಿ. ಅಂಥ ನೆಲಕ್ಕೆ ಮೇಲಿನಿಂದ ತಿರುಪುಮೊಳೆ ತಿರುಗಿಸಿದರೆ ಅದು ಕಚ್ಚುವುದು ಮೇಲಿನ ತೆಳು ಪದರವನ್ನು ಮಾತ್ರ, ತಿರುಳಿನಲ್ಲಿ ಹಿಡಿತವಿಲ್ಲ. ಮನುಷ್ಯ ಸುಮ್ಮನೆ ಕೂತಷ್ಟು ದಿನ ಏನೂ ಆಗದು, ಏಕೆಂದರೆ ಆಗ ಭಾರ ಕೆಳಮುಖ. ಡೆಕ್ಕು ಗೋಡೆಯ ಹಾಗೆ ನಿಂತ ದಿನ ಭಾರ ಅಡ್ಡಕ್ಕೆ ಎಳೆಯುತ್ತದೆ, ಸಾಲಿನ ಮೇಲೆ ಸಾಲು ಕುಸಿಯುತ್ತದೆ. ಬೋಲ್ಟು ಡೆಕ್ಕಿನ ಆಚೆಗೆ ತೂರಿ, ಅಡಿಯಲ್ಲಿ ಲೋಹದ ತಟ್ಟೆಯನ್ನು ಅಪ್ಪಿ, ಅದರ ಮೇಲೆ ನಟ್ಟು ಬಿಗಿದಿದ್ದರೆ ಅಥವಾ ತಿರುಳಿನ ಜಾಗದಲ್ಲಿ ಗಟ್ಟಿ ತುಂಡು ಹೂತಿಟ್ಟಿದ್ದರೆ ಮಾತು ಬೇರೆ. ಖರ್ಚು ಹೆಚ್ಚೇನಲ್ಲ. ಕೆಲಸ ಮಾಡುವವನು ಡೆಕ್ಕಿನ ಅಡಿಗೆ ತೆವಳಬೇಕು. ಲಾಮಾದಲ್ಲಿ ಊಟ ಸೇರಲಿಲ್ಲ, ಚಹಾ ಕುಡಿದು ಮುಂದಿನ ದೋಣಿಗೆ ಹಿಂದಿರುಗಿದೆವು.

ಮಕಾವಿಗೆ ಹೋಗುವುದೆಂದರೆ ಇನ್ನೊಂದು ಯುಗಕ್ಕೆ ಹೋದಂತೆ. ಶೆಯುಂಗ್ ವಾನ್‌ನ ಶುನ್ ತಾಕ್ ಕಟ್ಟಡದೊಳಗೆ ವಿಮಾನ ನಿಲ್ದಾಣದ ಸಂಭ್ರಮ: ಪಾಸ್‌ಪೋರ್ಟು, ತಪಾಸಣೆ, ಸಾಲು. ಹತ್ತುವ ಬಾಗಿಲಲ್ಲಿ ಒಬ್ಬ ಹುಡುಗಿ ಸೀಟುಗಳ ನಕ್ಷೆಯ ಹಾಳೆಯಿಂದ ಪುಟ್ಟ ಅಂಟುಚೀಟಿ ಕಿತ್ತು ನನ್ನ ಟಿಕೆಟಿಗೆ ಅಂಟಿಸುತ್ತಾಳೆ. ಅದೇ ನನ್ನ ಸೀಟು. ಕಂಪ್ಯೂಟರಿನ ಊರಿನಲ್ಲಿ ಈ ಅಂಟುಚೀಟಿ ಕಂಡು ನನಗೆ ಬಹಳ ಆಪ್ತವೆನಿಸಿತು. ಕಂಬಳದ ಕೋಣಗಳ ಹಾಗೆ ಜೋಡಿಯಾಗಿ ಓಡುವ ಎರಡು ಹೊಟ್ಟೆಗಳ ಅಲ್ಯುಮಿನಿಯಂ ದೋಣಿ, ಒಳಗೆ ನಾನೂರರ ಆಸುಪಾಸಿನ ಸೀಟುಗಳು, ಎಲ್ಲಕ್ಕೂ ಬೆಲ್ಟು. ಸುಮಾರು 60 ಕಿಲೋಮೀಟರನ್ನು ಒಂದು ಗಂಟೆಯಲ್ಲಿ ಮುಗಿಸುವ ವೇಗ.

ಇಲ್ಲಿ ಸೀಟಿನ ಪ್ರತಿ ಭಾಗಕ್ಕೂ ಒಂದು ಕಾರಣವಿದೆ. ಚೌಕಟ್ಟು ಅಲ್ಯುಮಿನಿಯಂ ಆದದ್ದು ತೂಕಕ್ಕೆ. ಒಂದು ಸೀಟಿಗೆ ಒಂದು ಕಿಲೋ ಉಳಿಸಿದರೆ ನಾನೂರು ಸೀಟಿಗೆ ನಾನೂರು ಕಿಲೋ. ಅಷ್ಟು ಭಾರವನ್ನು ದಿನವಿಡೀ ಗಾಳಿಯ ವೇಗದಲ್ಲಿ ತಳ್ಳುವ ಇಂಧನ ಉಳಿಯಿತು. ಕಾಲುಗಳು ನೆಲದಲ್ಲಿ ಕೂರಿಸಿದ ಉದ್ದನೆಯ ಲೋಹದ ಹಳಿಗೆ ಕಚ್ಚಿಕೊಂಡಿವೆ, ಹಳಿ ದೋಣಿಯ ಮೂಳೆಗೆ ಸೇರಿಕೊಂಡಿದೆ. ಸಾಲು ಹಿಂದೆ ಮುಂದೆ ಸರಿಸಬೇಕಾದರೆ ಬೀಗ ಬಿಚ್ಚಿ ಜಾರಿಸಬಹುದು, ಹೊಸ ತೂತು ಕೊರೆಯುವ ಕೆಲಸವಿಲ್ಲ. ಬೋಲ್ಟುಗಳು ತುಕ್ಕು ಹಿಡಿಯದ ಉಕ್ಕಿನವು. ಆದರೆ ಆ ಉಕ್ಕೂ ಅಲ್ಯುಮಿನಿಯಮ್ಮೂ ಉಪ್ಪುನೀರಿನಲ್ಲಿ ಒಂದಕ್ಕೊಂದು ತಾಗಿದರೆ ಬ್ಯಾಟರಿಯೇ ಆಗಿಬಿಡುತ್ತದೆ, ಅಲ್ಯುಮಿನಿಯಂ ಸವೆಯುತ್ತದೆ. ಅದಕ್ಕೇ ನಡುವೆ ಪ್ಲಾಸ್ಟಿಕ್ಕಿನ ಒಂದು ಬಳೆ. ಮುಂದಿನ ಸೀಟಿನ ಬೆನ್ನು ಮೆತ್ತಗಿರುವುದು ಅದರ ಹಿಂದೆ ಕೂತವನ ಮುಖಕ್ಕಾಗಿ, ಅಂದರೆ ನನ್ನ ಮುಖಕ್ಕಾಗಿ. ವೇಗದ ದೋಣಿ ಥಟ್ಟನೆ ನಿಂತರೆ ತಲೆ ಹೋಗಿ ಬಡಿಯುವುದು ಅಲ್ಲಿಗೇ. 2015ರ ಅಕ್ಟೋಬರಿನಲ್ಲಿ ಮಕಾವಿನಿಂದ ಬರುತ್ತಿದ್ದ ಹೈಡ್ರೋಫಾಯಿಲ್ ದೋಣಿಯೊಂದು ನೀರಿನಲ್ಲಿದ್ದ ಯಾವುದೋ ವಸ್ತುವಿಗೆ ಬಡಿದು ನೂರಿಪ್ಪತ್ತಕ್ಕೂ ಹೆಚ್ಚು ಜನ ಗಾಯಗೊಂಡಿದ್ದರು. ಅಳಿಯ ಇದನ್ನು ಹೇಳುವ ಮೊದಲೇ ನಾನು ಬೆಲ್ಟು ಬಿಗಿದಾಗಿತ್ತು, ಹೇಳಿದ ಮೇಲೆ ಇನ್ನೊಂದು ಸಲ ಬಿಗಿದೆ.

ಬಂದರು ದಾಟಿ ತೆರೆದ ನೀರಿಗೆ ಬಂದದ್ದೇ ನನ್ನ ವೈಜ್ಞಾನಿಕ ಕುತೂಹಲ ಹೊಟ್ಟೆಯೊಳಗೆ ಮಗುಚಿಕೊಳ್ಳತೊಡಗುತ್ತದೆ. ಎರಡು ಹೊಟ್ಟೆಯ ದೋಣಿ ಅಗಲಕ್ಕೆ ವಾಲುವುದು ಕಡಿಮೆ, ಆದರೆ ಚಿಕ್ಕ ಚಿಕ್ಕದಾಗಿ, ಬೇಗ ಬೇಗ, ಒಂದು ವಿಚಿತ್ರ ತಿರುಚಿನಲ್ಲಿ ಕುಲುಕುತ್ತದೆ. ಏರ್ ಕಂಡೀಷನರು ಬೇರೆ ಕುದುರೆಮುಖದ ಜನವರಿಯನ್ನು ನಾಚಿಸುವಂತಿದೆ. ಮುಂದಿನ ಸೀಟಿನ ಜೇಬಿನಲ್ಲಿ ಕಾಗದದ ಚೀಲವಿದೆ. ಸೀಟು ಮಾಡಿದವರು ನನ್ನನ್ನು ಮೊದಲೇ ಬಲ್ಲರು. ಪಕ್ಕದ ಹೆಂಗಸು ನನ್ನ ಮುಖದ ಬಣ್ಣ ನೋಡಿ, ಮಾತಿಲ್ಲದೆ, ಉಪ್ಪು ಹಚ್ಚಿ ಒಣಗಿಸಿದ ಪ್ಲಮ್ ಹಣ್ಣೊಂದನ್ನು ನನ್ನ ಅಂಗೈಯಲ್ಲಿಡುತ್ತಾಳೆ. ಆಗುಂಬೆ ಘಾಟಿಯಲ್ಲಿ ನಿಂಬೆಹಣ್ಣು ಮೂಸಲು ಕೊಡುವ ಸಹಪ್ರಯಾಣಿಕರ ಕುಲಕ್ಕೆ ಸೇರಿದವಳು ಈಕೆ. ಹುಳಿ, ಉಪ್ಪು, ಸಿಹಿ ಒಟ್ಟಿಗೆ ನಾಲಗೆಗೆ ಬಡಿದು ಹೊಟ್ಟೆ ಕ್ಷಣಕಾಲ ತಾನು ಏನು ಮಾಡುತ್ತಿದ್ದೆನೆಂಬುದನ್ನೇ ಮರೆಯುತ್ತದೆ. ಕಾಗದದ ಚೀಲ ಹಾಗೇ ಉಳಿಯಿತು.

ಮಕಾವಿನ ಕಟ್ಟೆಯಲ್ಲಿ ಇಳಿದು, ಕಾಲಡಿಯ ನೆಲ ಅಲುಗುವುದು ನಿಲ್ಲಲಿ ಎಂದು ಕಾಯುವ ಕೋಣೆಯಲ್ಲಿ ಕೂರುತ್ತೇವೆ. ತೂತು ತೂತಿನ ಲೋಹದ ಕುರ್ಚಿಗಳ ಸಾಲು. ಅಭ್ಯಾಸಬಲ, ಬಗ್ಗಿ ಕಾಲು ನೋಡುತ್ತೇನೆ. ಸಮವಸ್ತ್ರದ ಕಾವಲುಗಾರನೊಬ್ಬ ಬಂದು ನನ್ನ ಪಕ್ಕದಲ್ಲೇ ಬಗ್ಗಿ, ಏನು ಕಳೆದುಹೋಯಿತೆಂದು ಕೇಳುತ್ತಾನೆ. ಬೋಲ್ಟು ನೋಡುತ್ತಿದ್ದಾರೆಂದು ಅಳಿಯ ಹೇಳಿದ. ಅವನು ಟಾರ್ಚು ತೆಗೆದು ಅಡಿಗೆ ಬೆಳಕು ಬಿಟ್ಟ. ನಾಲ್ಕರಲ್ಲಿ ಒಂದು ಬೋಲ್ಟು ಇರಲಿಲ್ಲ. ಜೇಬಿನಿಂದ ಪುಟ್ಟ ಪುಸ್ತಕ ತೆಗೆದು ಸಾಲಿನ ನಂಬರು ಬರೆದುಕೊಂಡು ಹೊರಟುಹೋದ.

"ವಾಪಸು ಬಸ್ಸಲ್ಲಿ ಹೋಗೋಣ್ವಾ ಮಾವ? ಸೇತುವೆ ಮೇಲೆ ನಲವತ್ತೇ ನಿಮಿಷ" ಎಂದು ಅಳಿಯ ಕೇಳುತ್ತಾನೆ. 2018ರಲ್ಲಿ ತೆರೆದ ಆ 55 ಕಿಲೋಮೀಟರ್ ಉದ್ದದ ದಾರಿ ದೋಣಿಗಳ ಹೊಟ್ಟೆಯ ಮೇಲೆ ಹೊಡೆದಿದೆ. ಬೇಡವೆಂದೆ. ದೋಣಿಯೇ ಇರಲಿ, ಆದರೆ ಅಂಟುಚೀಟಿಯ ಹುಡುಗಿಗೆ ಹೇಳಿ ಹಿಂದುಗಡೆ ನಡುವಿನ ಸೀಟು ಕೇಳು, ಅಲ್ಲಿ ಕುಲುಕು ಕಡಿಮೆಯಂತೆ. ಅದಕ್ಕೂ ಮೊದಲು ಆ ಉಪ್ಪು ಪ್ಲಮ್ ಎಲ್ಲಿ ಸಿಗುತ್ತದೆ ವಿಚಾರಿಸು.